ಪಡಿ ಬೇಡಿದ ಅಮ್ಮನ ಫೋಟೋ

ನಮ್ಮ ಮನೆದೇವರು ತಿರುಪತಿ ತಿಮ್ಮಪ್ಪ. ಶ್ರಾವಣ ಶನಿವಾರ ನಮ್ಮ ಕಡೆ ಪಡಿ ಬೇಡುವ ಪದ್ಧತಿ ಇದೆ. ಮನೆಯಲ್ಲಿ ಅಕ್ಕಿ ಎಷ್ಟೇ ಇರಲಿ, ಆ ದಿನ ತಲೆಗೆ ಸ್ನಾನ ಮಾಡಿ, ಹಣೆಗೆ ನಾಮ ಇಟ್ಟು, ಬರಿಗಾಲಲ್ಲಿ ತಾಮ್ರದ ಚೊಂಬು ಹಿಡಿದು ಐದು ಮನೆ ಮುಂದೆ ನಿಂತು 'ಗೋವಿಂದಾ' ಅನ್ನಬೇಕು. ಒಳಗಿನವರು ಒಂದು ಹಿಡಿ ಅಕ್ಕಿ ತಂದು ಚೊಂಬಿಗೆ ಹಾಕುತ್ತಾರೆ. ಆ ಅಕ್ಕಿಯಲ್ಲೇ ಅನ್ನ ಮಾಡಿ, ದೇವರಿಗೆ ಎಡೆ ಇಟ್ಟು, ಆಮೇಲೆ ನಾವು ಉಣ್ಣಬೇಕು. ಜಮೀನುದಾರರೂ ಬೇಡುತ್ತಾರೆ, ಕೂಲಿಯವರೂ ಬೇಡುತ್ತಾರೆ. ಊರಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಅಮ್ಮ ಪಡಿ ಬೇಡುತ್ತಿದ್ದದ್ದು ನನಗಾಗಿ. ನಮ್ಮ ಅಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗಲೇ ತೀರಿಹೋದ. ಅಮ್ಮನ ಅಣ್ಣ, ಅಂದರೆ ನನ್ನ ಸೋದರಮಾವ, ನಮ್ಮಿಬ್ಬರನ್ನೂ ತನ್ನ ಮನೆಯ ಹಿಂದಿನ ಕೋಣೆಗೆ ಕರೆದುಕೊಂಡು ಬಂದ. ಬಸ್ ಸ್ಟ್ಯಾಂಡಿನ ಪಕ್ಕ ಅವನದೊಂದು ಟೈಲರ್ ಅಂಗಡಿ. ಅಮ್ಮ ಹಾಸ್ಟೆಲ್ಲಿನಲ್ಲಿ ರೊಟ್ಟಿ ತಟ್ಟುತ್ತಿದ್ದಳು, ನಾನು ಶಾಲೆ ಮುಗಿಸಿ ಬಂದು ಮಾವನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದೆ. ಹತ್ತನೇ ತರಗತಿ ಆದ ಮೇಲೆ ಬೀದಿಯವರೆಲ್ಲ, "ಹೆಣ್ ಮಗೀನ ಓದ್ಸಿ ಯಾರ ಮನೆ ಉದ್ಧಾರ ಮಾಡ್ತೀಯಪ್ಪ" ಅಂದರು. ಮಾವ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, "ನಿಮ್ಮನೆ ಅಲ್ಲ ಬಿಡ್ರಿ" ಅಂದ. ಕಾಲೇಜಿನ ಅರ್ಜಿ ತಂದುಕೊಟ್ಟವನು ಅವನೇ. ಅಮ್ಮ ಆಗ ಹರಕೆ ಹೊತ್ತಳು: ಮಗಳು ಡಿಗ್ರಿ ಮಾಡಿದರೆ, ಜೀವ ಇರುವ ತನಕ ಪ್ರತಿ ಶ್ರಾವಣ ಪಡಿ ಬೇಡುತ್ತೇನೆ.

ಇಂಗ್ಲಿಷ್ ಪೇಪರಿನಲ್ಲಿ ಫೇಲಾಗಿ, ಮತ್ತೆ ಕಟ್ಟಿ, ಪಾಸು ಮಾಡಿದೆ. ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಯಾರೂ ನನಗೆ ಬಿಟ್ಟಿ ಕೊಟ್ಟದ್ದಲ್ಲ. ಆಮೇಲೆ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಸೇರಿದೆ. ವರ್ಗವಾಗಿ ಕೋಲ್ಕತ್ತಕ್ಕೆ ಬಂದೆ. ಮದುವೆ ಆಗಿಲ್ಲ. ಲೇಕ್ ಗಾರ್ಡನ್ಸ್‌ನ ಬಾಡಿಗೆ ಮನೆಯಲ್ಲಿ ಅಮ್ಮ, ನಾನು, ಇಬ್ಬರೇ.

ಇಲ್ಲಿಗೆ ಬಂದ ಮೇಲೆ ಅಮ್ಮ ಪಡಿಗೆ ಹೋಗುತ್ತಿದ್ದದ್ದು ಕನ್ನಡದವರ ಮನೆಗಳಿಗೆ. ಅಡುಗೆ ಕಾಂಟ್ರಾಕ್ಟ್ ಮಾಡುವ ಉಡುಪಿಯ ಕಡೆಯವರದೊಂದು ಮನೆ, ರೈಲ್ವೆಯವರ ಮನೆಗಳು ಕೆಲವು. ಈ ಸಲ ಶ್ರಾವಣಕ್ಕೆ ಅವರಲ್ಲಿ ಅರ್ಧ ಜನ ಊರಿಗೆ ಹೋಗಿದ್ದರು. ಮುಂದಿನ ವರ್ಷಕ್ಕೆ ಇಡೋಣ ಅಂದೆ.

"ಯಾಕೆ, ಇವ್ರು ಮನುಷ್ರಲ್ವಾ?" ಅಂದಳು ಅಮ್ಮ. "ಗೋವಿಂದ ಅಂದ್ರೆ ಇವರಿಗೂ ದೇವರೇ ತಾನೆ. ನಮ್ ಓಣೀಲೇ ಬೇಡ್ತೀನಿ."

ಕೆಳಗಿನ ಮನೆಯ ಬೌದಿಗೆ ನನ್ನ ಹರುಕುಮುರುಕು ಬಂಗಾಳಿಯಲ್ಲಿ ವಿಷಯ ತಿಳಿಸಿದೆ. ಬೌದಿ ಅಂದರೆ ಅತ್ತಿಗೆ. ಇಲ್ಲಿ ನೆರೆಯ ಗೃಹಿಣಿಯನ್ನೂ ಹಾಗೇ ಕರೆಯುವುದು. ಆಕೆ ನನ್ನ ಮಾತು ಮುಗಿಯುವ ಮೊದಲೇ ಕೈ ತಟ್ಟಿದಳು. "ಓ ಮಾ! ಮುಷ್ಟಿಭಿಕ್ಷೆ! ನಮ್ಮ ಅಜ್ಜಿ ಕಾಲದಲ್ಲಿ ಇತ್ತು. ಮದ್ರಾಸಿನವರು ಅಂದ್ರೆ ಬರೀ ಇಡ್ಲಿ ಅಂದ್ಕೊಂಡಿದ್ದೆ." ನಾವು ಮದ್ರಾಸಿನವರಲ್ಲ ಎಂದು ಆಕೆಗೆ ಎಷ್ಟು ಸಲ ಹೇಳಿದ್ದೇನೋ. ಓಣಿಯ ಮಿಕ್ಕ ಮನೆಗಳಿಗೂ ಆಕೆಯೇ ಸುದ್ದಿ ಮುಟ್ಟಿಸಿದಳು. ಅಮ್ಮ ಬಾಗಿಲಿಗೆ ಬಂದಾಗ ಪಾಯಸಕ್ಕೆಂದು ಇಟ್ಟಿದ್ದ ಸಣ್ಣಕ್ಕಿಯನ್ನು ಹಿಡಿ ತುಂಬ ಹಾಕಿ, "ಮಾಶಿಮಾ, ಇದರ ಹೆಸರೇ ಗೋಬಿಂದೊಭೋಗ್" ಅಂದಳು. ಮಾಶಿಮಾ ಅಂದರೆ ಚಿಕ್ಕಮ್ಮ, ಗೋಬಿಂದೊ ಅಂದರೆ ನಮ್ಮ ಗೋವಿಂದನೇ. ಅಮ್ಮನ ಮುಖ ನೋಡಬೇಕಿತ್ತು. ಎದುರುಮನೆಯ ತಾತ, "ಬರೀ ಅಕ್ಕಿ ಯಾಕಮ್ಮ" ಎಂದು ಚೊಂಬಿಗೆ ಎರಡು ಸಂದೇಶ್ ಮಿಠಾಯಿ ಹಾಕಿಬಿಟ್ಟ. ಒಂದು ಮನೆಯವರು ಆಲೂಗಡ್ಡೆ ತಂದರು. ಅಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ದೇವರು ಪಲ್ಯ ಕೇಳಿರಬೇಕು ಅಂದಳು.

ಐದನೇ ಮನೆ ಮುಗಿಸಿ ಬಂದವಳು ನಮ್ಮ ಗೇಟಿನ ಮೆಟ್ಟಿಲ ಮೇಲೆ ಕೂತಳು. ಸೆಕೆಗೆ ಬೆವರು ಇಳಿದು ಹಣೆಯ ನಾಮ ಕರಗಿ ಮೂಗಿನ ಮೇಲೆ ಹರಿದಿತ್ತು. ಮಡಿಗೆಂದು ಉಟ್ಟ ಹಳೆ ನೂಲಿನ ಸೀರೆ, ಬರಿಗಾಲು, ಮಡಿಲಲ್ಲಿ ಚೊಂಬು. ಪಕ್ಕದಲ್ಲಿ ನಗುತ್ತ ನಿಂತಿದ್ದ ಬೌದಿ ತನ್ನ ಫೋನ್ ತೆಗೆದು ಒಂದು ಫೋಟೋ ಹೊಡೆದು ನನಗೆ ಕಳಿಸಿದಳು. ಎದುರುಮನೆಯ ತಾತನ ಅರ್ಧ ಮೈಯೂ ಅದರಲ್ಲಿ ಬಂದಿತ್ತು, ಕೈಯಲ್ಲಿ ಮಿಠಾಯಿ ಡಬ್ಬಿ.

ನನಗೆ ಹೆಮ್ಮೆ ತಡೆಯಲಿಲ್ಲ. ಆ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಿ ಕೆಳಗೆ ಕನ್ನಡದಲ್ಲಿ ಬರೆದೆ. 'ನನ್ನ ಅಮ್ಮ ಇವತ್ತು ಕೋಲ್ಕತ್ತದ ಬೀದಿಯಲ್ಲಿ ಐದು ಮನೆ ಬೇಡಿದಳು' ಎಂಬುದು ಮೊದಲ ಸಾಲು. ಓದುವವರು ಬೆಚ್ಚಿ ಮುಂದಕ್ಕೆ ಓದಲಿ ಎಂದು ಹಾಗೆ ಶುರು ಮಾಡಿದ್ದು. ಆಮೇಲೆ ಪಡಿಯ ವಿಷಯ, ಹರಕೆ, ಅಪ್ಪ ಹೊತ್ತ ಮೂಟೆ, ಮಾವ ತಂದ ಅರ್ಜಿ, ನನಗೆ ಸಿಕ್ಕ ಸರ್ಕಾರಿ ಕೆಲಸ, ಬೌದಿಯ ಅಕ್ಕಿ, ಎಲ್ಲ ಬರೆದೆ. ಪರಿಚಯದವರು ಮೆಚ್ಚಿಕೊಂಡರು. ಅಮ್ಮನಿಗೆ ಓದಿ ಹೇಳಿದೆ. "ಅಣ್ಣಯ್ಯನ ಹೆಸ್ರು ಹಾಕ್ಬೇಕಿತ್ತು" ಅಂದಳು.

ಕೆಲವು ವಾರ ಕಳೆದ ಮೇಲೆ ಊರಿನಿಂದ ಮಾವನ ಸೊಸೆ ಫೋನ್ ಮಾಡಿದಳು. ನಾನು ಕಚೇರಿಯಲ್ಲಿದ್ದೆ.

"ಅತ್ತಿಗೆ, ಅತ್ತೆ ಹುಷಾರಾಗವ್ರಾ?"

"ಇದಾಳಲ್ಲ, ಯಾಕೆ?"

"ಊಟ ಗೀಟ ಮಾಡ್ತವ್ರಾ?"

ಆ ಎರಡನೇ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಅವಳು ಫೋನ್ ಇಟ್ಟು, ಒಂದು ಫೋಟೋ ಕಳಿಸಿದಳು. ಲಕ್ಷಗಟ್ಟಲೆ ಜನ ನೋಡುವ ಯಾವುದೋ ಕನ್ನಡ ಪೇಜು. ಅದರಲ್ಲಿ ನನ್ನ ಅಮ್ಮ. ಬಣ್ಣ ತೆಗೆದು ಕಪ್ಪುಬಿಳುಪು ಮಾಡಿದ್ದರು. ತಾತನನ್ನೂ ಮಿಠಾಯಿ ಡಬ್ಬಿಯನ್ನೂ ಕತ್ತರಿಸಿದ್ದರು. ಕರಗಿದ ನಾಮ ಬೂದಿ ಬಳಿದಂತೆ ಕಾಣುತ್ತಿತ್ತು. ಮೇಲೆ ದಪ್ಪ ಅಕ್ಷರದಲ್ಲಿ, 'ಮಗಳು ಸರ್ಕಾರಿ ಕೆಲಸದಲ್ಲಿ, ತಾಯಿ ಬೀದಿಯಲ್ಲಿ! ಓದಿದ ಮಕ್ಕಳೇ ಹೀಗಾದರೆ?' ಕೆಳಗೆ ನನ್ನದೇ ಮೊದಲ ಸಾಲು, 'ನನ್ನ ಅಮ್ಮ' ಎಂಬುದನ್ನು 'ಈ ತಾಯಿ' ಎಂದು ಬದಲಿಸಿ. ಆಮೇಲೆ, 'ಶೇರ್ ಮಾಡಿ, ಒಬ್ಬ ತಾಯಿಗೆ ನ್ಯಾಯ ಸಿಗಲಿ.'

ಶೇರ್ ಮಾಡಿದ್ದರು. ಕಣ್ಣೀರಿನ ಗುರುತುಗಳು, ನನಗೆ ಶಾಪಗಳು. ಇಂಥವಳ ಡಿಗ್ರಿಗೆ ಬೆಂಕಿ ಹಾಕ ಎಂದೊಬ್ಬರು ಬರೆದಿದ್ದರು. ಅದನ್ನು ಓದಿ ನನಗೆ ಸಿಟ್ಟು ಬಂತು, ಅಷ್ಟೇ. ಅಪರಿಚಿತರ ಬೈಗುಳ ತಾಳಿಕೊಳ್ಳುವುದು ನನಗೆ ಹೊಸದಲ್ಲ. ಆದರೆ ಇದು ಮಾವನ ಫೋನಿಗೂ ಹೋಗಿತ್ತು. ಲಕ್ವ ಹೊಡೆದು ಅವನು ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಅಂಗಡಿ ಮುಚ್ಚಿತ್ತು. ಒಂದು ಕೈ ಮಾತ್ರ ಆಡುತ್ತಿತ್ತು, ಆ ಕೈಯಲ್ಲಿ ಫೋನು.

ಸಂಜೆ ಅಮ್ಮನನ್ನು ಕೂರಿಸಿಕೊಂಡು ವಿಡಿಯೋ ಕಾಲ್ ಮಾಡಿದೆ. ಮಾವ ತಂಗಿಯ ಮುಖ ಕಂಡದ್ದೇ ಅತ್ತುಬಿಟ್ಟ.

"ನನ್ತಾವ ಬಂದ್ಬಿಡಬಾರ್ದಾಗಿತ್ತಾ ತಾಯಿ? ಆ ಕ್ವಾಣೆ ಇನ್ನೂ ಹಂಗೇ ಅದೆ."

"ಅಣ್ಣಯ್ಯ, ಅದು ಪಡಿ ಕಣಣ್ಣಯ್ಯ. ಶ್ರಾವಣ್ದ ಪಡಿ. ನಿನ್ ಮುಂದೇನೇ ಅಲ್ವಾ ನಾನ್ ಹರಕೆ ಹೊತ್ತಿದ್ದು?"

"ಕಲ್ಕತ್ತಾದಾಗೆ ಪಡಿ! ಅಲ್ಲಿ ಯಾರವ್ವ ಗೋವಿಂದ ಅಂದ್ರೆ ಅಕ್ಕಿ ಹಾಕೋರು? ನನ್ ಕೈಕಾಲು ಹೋಗದೆ, ಬುದ್ಧಿ ಹೋಗಿಲ್ಲ." ಆಮೇಲೆ ದನಿ ತಗ್ಗಿಸಿದ. "ಅವಳು ಪಕ್ದಲ್ಲೇ ಅವ್ಳಾ? ಇದ್ರೆ ಮಾತಾಡ್ಬೇಡ, ಸುಮ್ನೆ ಒಂದ್ಸಲ ಕೆಮ್ಮು."

ಅಮ್ಮನಿಗೆ ನಗು ಬಂತು. ನಗು ಬಂದರೆ ಅವಳಿಗೆ ಕೆಮ್ಮು ಬರುತ್ತದೆ, ಮೊದಲಿನಿಂದಲೂ. ಕೆಮ್ಮಿದಳು. ಪರದೆಯ ಮೇಲೆ ಮಾವ ಕಣ್ಣು ಮುಚ್ಚಿಕೊಂಡ.

ಅವತ್ತು ರಾತ್ರಿ ನಾವಿಬ್ಬರೂ ಅದನ್ನು ನೆನೆಸಿಕೊಂಡು ನಕ್ಕೆವು ಕೂಡ. ಬಣ್ಣದ ಮೂಲ ಫೋಟೋ ಕಳಿಸಿದರೆ ಮಾವನಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಮಾರನೇ ದಿನ ಕಳಿಸಿದೆ, ತಾತ, ಮಿಠಾಯಿ ಡಬ್ಬಿ ಎಲ್ಲ ಇದ್ದದ್ದು. ಮಾವ ದನಿ ಮುದ್ರಿಸಿ ಕಳಿಸಿದ: "ಈಗ ಫೋಟೋದಾಗೆ ಯಾರ್ನ ಬೇಕಾದ್ರೂ ತಂದು ನಿಲ್ಸ್ತಾರಂತೆ, ಬಣ್ಣಾನೂ ಹಚ್ತಾರಂತೆ. ಟೀವೀಲಿ ತೋರ್ಸವ್ರೆ. ನೀನು ಓದ್ದವಳು, ನಿನಗೆ ಬರದೆ ಇರ್ತದಾ?" ನಾನು ಹೊಲಿದ ಗುಂಡಿ ಎಳೆದು ನೋಡಿ, ಗಟ್ಟಿಯಾಗಿದೆ ಎಂದು ಊರಿಗೆಲ್ಲ ಹೇಳುತ್ತಿದ್ದ ಮನುಷ್ಯ.

ಪೇಜಿನವರಿಗೆ ಬರೆದೆ. ಆಕೆ ನನ್ನ ತಾಯಿ, ಬರಹ ನನ್ನದು, ದಯವಿಟ್ಟು ತೆಗೆಯಿರಿ ಎಂದು. ಉತ್ತರ ಬಂತು: 'ಮೇಡಂ, ನೆಟ್‌ನಲ್ಲಿ ಇರೋದು ಎಲ್ಲರದ್ದು. ಜನಜಾಗೃತಿಗೆ ಹಾಕಿದ್ದೇವೆ, ಫೇರ್ ಯೂಸ್. ನಿಮ್ಮ ತಾಯಿ ಅನ್ನೋಕೆ ಏನು ಪ್ರೂಫ್?' ಇದು ಸುಳ್ಳು ಎಂದು ಫೇಸ್‌ಬುಕ್ಕಿಗೆ ದೂರು ಕೊಟ್ಟೆ. ನಮ್ಮ ನಿಯಮಗಳಿಗೆ ವಿರುದ್ಧವಾದದ್ದು ಏನೂ ಕಾಣಲಿಲ್ಲ ಎಂಬ ಸಿದ್ಧ ಉತ್ತರ ಬಂತು.

ಕಚೇರಿಯಲ್ಲಿ ಕಾನೂನು ವಿಭಾಗದ ಸಹೋದ್ಯೋಗಿಯೊಬ್ಬರು ದಾರಿ ಹೇಳಿದರು. "ಸುಳ್ಳು ಅಂತ ಹೋದ್ರೆ ವಾದ ಆಗತ್ತೆ. ಫೋಟೋ ನಮ್ಮದು, ಕೇಳದೆ ಎತ್ತಿದ್ದಾರೆ ಅಂತ ಹೋಗಿ. ಕಾಪಿರೈಟ್ ಅಂದ್ರೆ ಬೇಗ ಕದಲ್ತಾರೆ."

ಅರ್ಜಿಯ ಮೊದಲ ಪ್ರಶ್ನೆಗೇ ಸಿಕ್ಕಿಬಿದ್ದೆ. ಈ ಚಿತ್ರದ ಹಕ್ಕು ನಿಮ್ಮದೇ? ಓದಿ ನೋಡಿದೆ. ಫೋಟೋ ಅದನ್ನು ಹೊಡೆದವರದ್ದಂತೆ. ಅದರಲ್ಲಿ ಯಾರ ಮುಖ ಇದೆಯೋ ಅವರದ್ದಲ್ಲ. ಮುಖದವರ ಮಗಳದ್ದಂತೂ ಅಲ್ಲವೇ ಅಲ್ಲ. ಅಮ್ಮನಿಗೆ ಹೇಳಿದರೆ, "ನನ್ ಮುಖ ಬೌದಿದಾ?" ಅಂದಳು. ಬರಹ ನನ್ನದು, ನಿಜ. ಆದರೆ ವಿಮರ್ಶೆಗೋ ವರದಿಗೋ ಇನ್ನೊಬ್ಬರ ಬರಹದಿಂದ ಒಂದೆರಡು ಸಾಲು ಎತ್ತಿಕೊಳ್ಳಲು ಕಾನೂನೇ ಅವಕಾಶ ಕೊಟ್ಟಿದೆ, ಪೇಜಿನವರು ಹೇಳಿದ 'ಫೇರ್ ಯೂಸ್' ಅದೇ. ಕೊಟ್ಟದ್ದು ನ್ಯಾಯವೇ. ಅದಿಲ್ಲದಿದ್ದರೆ ಯಾರೂ ಯಾರ ಬಗ್ಗೆಯೂ ಬರೆಯುವಂತಿಲ್ಲ. ನನ್ನ ಬರಹದಿಂದ ಅವರು ತೆಗೆದುಕೊಂಡದ್ದು ಒಂದೇ ಸಾಲು. ನನ್ನ ಮನೆ ಹಾಳಾದದ್ದು ಅವರು ಬಿಟ್ಟ ಸಾಲುಗಳಿಂದ. ಬಿಟ್ಟ ಸಾಲುಗಳ ಬಗ್ಗೆ ಆ ಅರ್ಜಿಯಲ್ಲಿ ಪ್ರಶ್ನೆ ಇರಲಿಲ್ಲ.

ಬೌದಿಯ ಹತ್ತಿರ ಹೋದೆ. ಅವಳು ಮೊದಲು ನಕ್ಕಳು. "ನಾನು ಫೋಟೋಗ್ರಾಫರ್! ನಮ್ಮ ಯಜಮಾನರಿಗೆ ಹೇಳು, ನಾನು ಹೊಡೆದ ಫೋಟೋದಲ್ಲಿ ಯಾವಾಗಲೂ ತಲೆ ಕತ್ತರಿಸಿರುತ್ತೆ ಅಂತಾರೆ." ಪೇಜಿನಲ್ಲಿ ಬರೆದದ್ದರ ಅರ್ಥ ಹೇಳಿದೆ. ನಗು ಹೋಯಿತು. ಕೈ ಒರೆಸಿಕೊಂಡು ಬಂದು, ಮೂಲ ಫೋಟೋ ಸೇರಿಸಿ, ತನ್ನ ಹೆಸರಿನಲ್ಲೇ ಅರ್ಜಿ ಹಾಕಿದಳು. "ಮಾಶಿಮಾನ ನಾನೇ ಬೀದಿಗೆ ತಂದ ಹಾಗಾಯ್ತಲ್ಲ," ಅಂದಳು. ಹಾಗಲ್ಲ ಎಂದು ನಾನು ಎಷ್ಟು ಹೇಳಿದರೂ ಆಮೇಲೆ ಬಹಳ ದಿನ ಅವಳು ಅಮ್ಮನ ಕಣ್ಣು ತಪ್ಪಿಸಿ ಓಡಾಡಿದಳು.

ಪೇಜಿನಿಂದ ಫೋಟೋ ಹೋಯಿತು. ಗೆದ್ದೆವು ಎಂದು ನಾನು ಬೌದಿಗೆ ರಸಗುಲ್ಲ ಕೊಟ್ಟು ಬಂದೆ. ಊರಿಗೆ ಫೋನ್ ಮಾಡಿ, "ಮಾವ, ಸುಳ್ಳು ಅಂತ ಗೊತ್ತಾಗಿ ತೆಗೆದ್ರು ನೋಡು" ಅಂದೆ. ಅವರು ತೆಗೆದದ್ದು ಸುಳ್ಳೆಂದು ಅಲ್ಲ, ಬೌದಿಯ ಸ್ವತ್ತೆಂದು. ಅಷ್ಟು ಬಿಡಿಸಿ ಹೇಳಲು ಹೋಗಲಿಲ್ಲ.

"ತೆಗೆಸ್ಬಿಟ್ಟಾ?" ಅಂದ ಮಾವ. "ತಪ್ಪಿಲ್ದೋರು ಯಾಕವ್ವ ತೆಗೆಸ್ತಾರೆ? ಇರ್ಲಿ ಬಿಡಿ ಅಂತಾರೆ. ಸರ್ಕಾರದಾಗೆ ಇದೀಯ, ನಿನ್ ಕೈ ಉದ್ದ ಆಗದೆ." ಬೈಯುವ ದನಿಯಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. "ನಾನೇ ತಾನೆ ಓದ್ಸು ಓದ್ಸು ಅಂದಿದ್ದು," ಎಂದು ಫೋನ್ ಇಟ್ಟ.

ಆ ಫೋಟೋ ಬೇರೆ ಪೇಜುಗಳಲ್ಲಿ ಇನ್ನೂ ಇತ್ತು. ಹಿಂದಿಗೂ ಹೋಗಿತ್ತು. ಹಿಂದಿಯಲ್ಲಿ ಅಮ್ಮನಿಗೆ ಮೂವರು ಗಂಡುಮಕ್ಕಳು. ನಾನು ಅರ್ಜಿ ಹಾಕಿಸುವುದನ್ನು ನಿಲ್ಲಿಸಿದೆ. ಎಲ್ಲ ಪೇಜಿನಿಂದ ಹೋದರೂ ಒಬ್ಬನ ಮನಸ್ಸಿನಿಂದ ಹೋಗಬೇಕಿತ್ತು, ಅದಕ್ಕೆ ಅಮ್ಮನನ್ನು ಅವನ ಮುಂದೆ ತಂದು ನಿಲ್ಲಿಸುವುದೊಂದೇ ದಾರಿ. ದುರ್ಗಾಪೂಜೆಯ ರಜೆ ಹತ್ತಿರ ಬಂದಿತ್ತು. ಕೋಲ್ಕತ್ತದ ಅರ್ಧ ಜನ ಊರು ಬಿಡುವ ಕಾಲ, ರೈಲಿನಲ್ಲಿ ಜಾಗವಿರಲಿಲ್ಲ. ಪೂಜೆ ಮುಗಿದ ಮೇಲಿನ ಟಿಕೆಟ್ಟು ಸಿಕ್ಕಿತು. ಅಮ್ಮ ಅಣ್ಣನಿಗೆಂದು ಕಂಬಳಿ ಕೊಂಡಳು. ಅವನ ಮುಂದೆ ಉಟ್ಟು ನಿಲ್ಲಲೆಂದು ತನ್ನ ರೇಷ್ಮೆ ಸೀರೆಯನ್ನು ಇಸ್ತ್ರಿಗೆ ಕೊಟ್ಟಳು. ಬೌದಿಯೂ ವಿಡಿಯೋ ಕಾಲಿನಲ್ಲಿ ಬಂದು ಸಾಕ್ಷಿ ಹೇಳುತ್ತೇನೆ ಅಂದಳು. ಬಂಗಾಳಿಯಲ್ಲಿ ಹೇಳಿದರೆ ಮಾವನಿಗೆ ಏನು ತಿಳಿಯುತ್ತದೆ ಅಂದರೆ, "ಅಳೋದು ತಿಳಿಯುತ್ತಲ್ಲ" ಅಂದಳು.

ಅಷ್ಟಮಿಯ ಬೆಳಿಗ್ಗೆ, ಓಣಿಯ ತುಂಬ ಪೂಜೆಯ ಡೋಲು ಢಾಕಿನ ಸದ್ದು ತುಂಬಿದ್ದಾಗ ಫೋನ್ ಬಂತು. ಮಾವನ ಸೊಸೆ ಏನು ಹೇಳುತ್ತಿದ್ದಾಳೆಂದು ಕೇಳಿಸದೆ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೇಳಿಸಿಕೊಂಡ ಮೇಲೆ ಹೊರಗೆ ಬರಲಾಗಲಿಲ್ಲ. ಅಮ್ಮ ಬಾಗಿಲು ಬಡಿದು, "ಅಣ್ಣಯ್ಯನಾ?" ಅಂದಳು.

ಹೇಗೋ ವಿಮಾನ ಹಿಡಿದು, ಬೆಂಗಳೂರಿನಿಂದ ಕಾರು ಮಾಡಿಕೊಂಡು ಹೋದೆವು. ನಾವು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಅಮ್ಮ ನೇರ ಅವನ ಹಾಸಿಗೆಯ ಮೇಲೆ ಹೋಗಿ ಕೂತಳು. ಇಸ್ತ್ರಿ ಮಾಡಿಸಿದ ಸೀರೆ ಉಡಲಿಲ್ಲ, ಸಾವಿನ ಮನೆಗೆ ಯಾರು ರೇಷ್ಮೆ ಉಡುತ್ತಾರೆ? ದಾರಿಯಲ್ಲಿ ಮುದುಡಿದ ನೂಲಿನ ಸೀರೆಯಲ್ಲೇ ಇದ್ದಳು. ಬಂದವರೆಲ್ಲ ಆ ಸೀರೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ತಿಥಿಯ ದಿನ ಊಟಕ್ಕೆ ಕೂತಾಗ ಬಡಿಸುವವರು ಅಮ್ಮನ ಎಲೆಯ ಮುಂದೆ ನಿಂತೇ ಬಿಡುತ್ತಿದ್ದರು. "ಅತ್ತೆಗೆ ಇನ್ನೊಂದ್ ವಡೆ ಹಾಕ್ರೀ." "ಪಾಯ್ಸ ಬಿಡ್ರೀ ಇನ್ನಷ್ಟು, ಪಾಪ." ಅಮ್ಮ ತಲೆ ತಗ್ಗಿಸಿ ಎಲ್ಲವನ್ನೂ ಉಣ್ಣುತ್ತಿದ್ದಳು.

"ಅಮ್ಮ, ಸಾಕು ಅನ್ನು," ಎಂದು ಪಿಸುಗುಟ್ಟಿದೆ.

"ಸಾಕು ಅಂದ್ರೆ, ಮಗಳ ಪಕ್ಕ ಉಣ್ಣಕ್ಕೂ ಹೆದರ್ತಾಳೆ ಅಂತಾರೆ ಕಣೆ," ಅಂದಳು ನನ್ನ ಕಡೆ ತಿರುಗದೆ.

ಕೈ ತೊಳೆದು ಬಂದ ಮೇಲೆ ಅವಳೇ ಜಗಲಿಯಲ್ಲಿ ಹೆಂಗಸರ ನಡುವೆ ಕೂತು ಮಾತು ತೆಗೆದಳು. ಬೌದಿ, ಸಣ್ಣಕ್ಕಿ, ಚೊಂಬಿಗೆ ಬಿದ್ದ ಸಂದೇಶ್, ಎಲ್ಲವನ್ನೂ ಹೇಳಿದಳು. ಚೆನ್ನಾಗಿ ಹೇಳಿದಳು, ನನಗಿಂತ ಚೆನ್ನಾಗಿ. ಎಲ್ಲರೂ ತಲೆದೂಗಿದರು. ಒಬ್ಬಳು ಮುದುಕಿ ಅಮ್ಮನ ಗಲ್ಲ ಹಿಡಿದು, "ಮಕ್ಳ ಮಾನ ತಾಯಿ ಕಾಯ್ದೆ ಇನ್ಯಾರು ಕಾಯ್ತಾರವ್ವ," ಅಂದಳು. ಆಮೇಲೆ ಊರಲ್ಲಿದ್ದಷ್ಟು ದಿನ ಅಮ್ಮ ಆ ಮಾತು ಎತ್ತಲಿಲ್ಲ.

ಅವರ ಮೇಲೆ ನನಗೆ ಕೋಪವಿಲ್ಲ. ಒಬ್ಬರೂ ಕೆಟ್ಟವರಲ್ಲ. ಆ ಪೇಜಿನವನ ಮೇಲೂ ಈಗ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚು. ಅವನಿಗೆ ನಮ್ಮ ಊರು ಗೊತ್ತಿಲ್ಲ, ಮಾವ ಎಂಬೊಬ್ಬ ಇದ್ದ ಎಂದೂ ಗೊತ್ತಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ದುಃಖದ ಮುಖ. ಸೆಕೆಗೆ ಬೆವರಿದ ಮುಖ ಸಿಕ್ಕಿತು.

ವಾಪಸು ಹೊರಟಾಗ ಮಾವನ ಸೊಸೆ ಅಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ತುಂಬ ಹೊತ್ತು ಬಿಡಲಿಲ್ಲ. ಏನೆಂದು ನಾನು ಕೇಳಲಿಲ್ಲ. ಹೌರಾದ ರೈಲಿನಲ್ಲಿ ಅಮ್ಮ ಎಲೆ ಅಡಿಕೆಯ ಚೀಲ ಬಿಚ್ಚಿದಾಗ ಒಂದು ಚೀಟಿ ಬಿತ್ತು. ಫೋನ್ ನಂಬರು. ಕೆಳಗೆ, 'ಅತ್ತೆ, ಯಾವಾಗ ಬೇಕಾದ್ರೂ ಮಾಡಿ. ಬಂದು ಕರ್ಕೊಂಡ್ ಬರ್ತೀವಿ.'

"ಎಸೆಯಕ್ಕೆ ಮನಸು ಬರ್ನಿಲ್ಲ," ಅಂದಳು ಅಮ್ಮ. "ಸುಳ್ಳು ನಂಬ್ಕೊಂಡೇ ಬರ್ದವಳೆ. ಆದ್ರೂ ಪ್ರೀತಿಯಿಂದ ಬರ್ದವಳೆ."

"ಇಟ್ಕೋ," ಅಂದೆ.

ಅವಳು ಅದನ್ನು ಮಡಿಸಿ ಒಳಗಿಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಏಸಿಯ ಗಾಳಿಗೆ ಅವಳ ಬರಿಗಾಲು ತಣ್ಣಗಾಗಿತ್ತು. ಶಾಲು ತೆಗೆದು ಹೊದಿಸಲು ಬಗ್ಗಿದವಳು, ಎದುರು ಸೀಟಿನವರು ನೋಡುತ್ತಿದ್ದಾರೆಯೇ ಎಂದು ಕಣ್ಣೆತ್ತಿದೆ. ನೋಡುತ್ತಿರಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅಮ್ಮನಿಗೆ ಶಾಲು ಹೊದಿಸುವಾಗ ನನಗೆ ಹಾಗೆ ಅನ್ನಿಸಿದ್ದು ಅದೇ ಮೊದಲು.